ಮುಚ್ಚಿದ ನಲ್ಲಿಯ ಹಿಂದಿನ ಸೋರಿಕೆ: ಒಂದು ಡಿಜಿಟಲ್ ಶವರ್‌ನ ಪ್ರಕರಣ ಅಧ್ಯಯನ

ನಮ್ಮ ಮನೆಯ ಡಿಜಿಟಲ್ ಶವರ್‌ ತೊಟ್ಟಿಕ್ಕುವುದನ್ನು ನಿಲ್ಲಿಸಲೆಂದು ಅದರ ತೋಳಿಗೆ (ಶವರ್ ತಟ್ಟೆಗೆ ನೀರು ತರುವ ಅಡ್ಡ ಕೊಳವೆಗೆ) ಒಂದು ಪುಟ್ಟ ನಲ್ಲಿಯನ್ನು ಹಾಕಿದ್ದೆವು. ಎರಡು ತಿಂಗಳು ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಮೂರನೆಯ ತಿಂಗಳಲ್ಲಿ ಬಚ್ಚಲುಮನೆಯ ಫಾಲ್ಸ್ ಸೀಲಿಂಗ್‌ನ ಮೂಲೆಯಲ್ಲಿ ಅಂಗೈ ಅಗಲದ ಕಂದು ಕಲೆ ಮೂಡಿತು. ಈ ಎರಡನ್ನೂ ಬೇರೆ ಬೇರೆ ತೊಂದರೆಗಳೆಂದು ನಾವು ಬಹಳ ದಿನ ನಂಬಿದ್ದೆವು. ಮೊದಲನೆಯದಕ್ಕೆ ಮಾಡಿದ ಮದ್ದೇ ಎರಡನೆಯದನ್ನು ಹುಟ್ಟಿಸಿತ್ತು ಎಂಬುದು ಗೊತ್ತಾಗುವಷ್ಟರಲ್ಲಿ ಸೀಲಿಂಗ್‌ನ ಹಲಗೆ ಮೆತ್ತಗಾಗಿತ್ತು. ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ದಾಖಲಿಸಿದ್ದೇನೆ.

ತೊಂದರೆ ಕಾಣಿಸಿಕೊಂಡ ಬಗೆ

ಶವರ್‌ ಆರು ವರ್ಷಗಳಿಂದ ಬಳಕೆಯಲ್ಲಿತ್ತು. ಗೋಡೆಯ ಮೇಲೆ ಗುಂಡಿಗಳಿರುವ ಪ್ಯಾನೆಲ್, ಫಾಲ್ಸ್ ಸೀಲಿಂಗ್‌ನ ಮೇಲೆ ಬಿಸಿನೀರು ತಣ್ಣೀರುಗಳನ್ನು ಬೆರೆಸುವ ಪೆಟ್ಟಿಗೆ, ಅಲ್ಲಿಂದ ಇಳಿದು ಬರುವ ಒಂದೇ ಕೊಳವೆ, ಅದರ ತುದಿಯಲ್ಲಿ ಅಗಲವಾದ ಶವರ್ ತಟ್ಟೆ, ಇಷ್ಟೇ ಅದರ ವ್ಯವಸ್ಥೆ. ಗುಂಡಿ ಒತ್ತಿ ನಿಲ್ಲಿಸಿದ ಮೇಲೂ ತಟ್ಟೆಯಿಂದ ಹನಿ ಬೀಳುತ್ತಿದೆ ಎಂದು ಮೊದಲು ಹೇಳಿದವರು ಅಮ್ಮ. ಇದನ್ನು ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಅದಕ್ಕೆ ಕಾರಣವೂ ಇತ್ತು. ಅಗಲವಾದ ಶವರ್ ತಟ್ಟೆಯೊಳಗೆ, ಮತ್ತು ಅದಕ್ಕೆ ಬರುವ ಅಡ್ಡ ತೋಳಿನೊಳಗೆ, ನಿಲ್ಲಿಸಿದ ಮೇಲೂ ಒಂದಿಷ್ಟು ನೀರು ಉಳಿದಿರುತ್ತದೆ. ಸಣ್ಣ ರಂಧ್ರಗಳ ಬಾಯಲ್ಲಿ ನೀರಿನ ಮೇಲ್ಮೈ ಬಿಗಿತ ಅದನ್ನು ಹಿಡಿದಿಡುತ್ತದೆ, ಯಾವುದೋ ಒಂದು ರಂಧ್ರದಿಂದ ಗಾಳಿ ಒಳಹೊಕ್ಕಾಗ ಅದು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಸ್ನಾನವಾಗಿ ಹತ್ತು ಹದಿನೈದು ನಿಮಿಷವಾದ ಮೇಲೆ ತಟ್ಟೆ ಇದ್ದಕ್ಕಿದ್ದಂತೆ ನಾಲ್ಕು ಹನಿ ಸುರಿಸಿ ಸುಮ್ಮನಾದರೆ ಅದು ಸೋರಿಕೆಯಲ್ಲ.

ಆದರೆ ನಮ್ಮ ಶವರ್ ರಾತ್ರಿ ಪೂರ್ತಿ ತೊಟ್ಟಿಕ್ಕುತ್ತಿತ್ತು. ಆ ಸದ್ದಿಗೆ ನಿದ್ದೆ ಕೆಡುತ್ತಿದ್ದುದರಿಂದ, ತೋಳಿಗೂ ತಟ್ಟೆಗೂ ನಡುವೆ ಒಂದು ಸಣ್ಣ ಬಂದ್ ಮಾಡುವ ನಲ್ಲಿಯನ್ನು ಸೇರಿಸಿ, ಮಲಗುವ ಮೊದಲು ಅದನ್ನು ತಿರುಗಿಸುವ ಅಭ್ಯಾಸ ಮಾಡಿಕೊಂಡೆವು. ಸದ್ದು ನಿಂತಿತು. ಕೈಗೆ ಸಿಕ್ಕ ಮೊದಲ ಮದ್ದು ಫಲ ಕೊಟ್ಟಾಗ ರೋಗ ಯಾವುದೆಂದು ಕೇಳುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ, ನಮಗೂ ಉಳಿಯಲಿಲ್ಲ.

ಸೀಲಿಂಗ್‌ನಲ್ಲಿ ಕಲೆ ಕಂಡಾಗ ಮೊದಲ ಗುಮಾನಿ ಹೋದದ್ದು ತಾರಸಿಯ ಕಡೆಗೆ. ತಾರಸಿಯಲ್ಲಿ ಬಿರುಕು ಕಾಣಲಿಲ್ಲ, ಅದಕ್ಕಿಂತ ಮುಖ್ಯವಾಗಿ ಒಣ ದಿನಗಳಲ್ಲಿಯೂ ಕಲೆ ಬೆಳೆಯುತ್ತಲೇ ಇತ್ತು. ಹಾಗಾಗಿ ನೀರು ಕೊಳವೆಯಿಂದಲೇ ಬರುತ್ತಿರಬೇಕೆಂದು ತೀರ್ಮಾನಿಸಿ, ಸೀಲಿಂಗ್‌ನ ಮುಚ್ಚಳವನ್ನು ತೆಗೆದು ಪೆಟ್ಟಿಗೆಯನ್ನು ಪರೀಕ್ಷಿಸಲು ತೊಡಗಿದೆ.

ಪೆಟ್ಟಿಗೆಯೊಳಗೆ ಏನಿರುತ್ತದೆ

ಪರೀಕ್ಷೆಗಳ ತರ್ಕ ಅರ್ಥವಾಗಬೇಕಾದರೆ ನೀರು ಹರಿಯುವ ದಾರಿ ಗೊತ್ತಿರಬೇಕು. ಡಿಜಿಟಲ್ ಶವರ್‌ಗಳ ಒಳರಚನೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಮ್ಮದರಲ್ಲಿ ಬಿಸಿನೀರಿಗೂ ತಣ್ಣೀರಿಗೂ ಪ್ರತ್ಯೇಕ ಒಳದಾರಿಗಳಿವೆ. ಪ್ರತಿಯೊಂದು ಒಳದಾರಿಯಲ್ಲಿ ಮೊದಲು ಒಂದು ಫಿಲ್ಟರ್ ಜಾಲರಿ, ಆಮೇಲೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಏಕಮುಖ ವಾಲ್ವ್, ಅನಂತರ ತಂತಿಯ ಸುರುಳಿಗೆ ವಿದ್ಯುತ್ ಕೊಟ್ಟಾಗ ತೆರೆಯುವ ಸೊಲೆನಾಯ್ಡ್ ವಾಲ್ವ್ ಇರುತ್ತವೆ. ಇವುಗಳನ್ನು ದಾಟಿದ ಎರಡೂ ನೀರು, ಸಣ್ಣ ಮೋಟಾರ್ ನಡೆಸುವ ಮಿಶ್ರಣ ವಾಲ್ವ್‌ನಲ್ಲಿ ಬೆರೆತು, ತಾಪಮಾನ ಅಳೆಯುವ ಸೆನ್ಸರ್ ಅನ್ನು ಹಾದು, ಹೊರದಾರಿಯ ಮೊಣಕೈಯಿಂದ (ಬಾಗಿದ ಕೊಳವೆಯ ತುಂಡಿನಿಂದ) ಶವರ್‌ಗೆ ಇಳಿಯುತ್ತವೆ. ಗೋಡೆಯ ಪ್ಯಾನೆಲ್‌ನಲ್ಲಿ ನೀರೇ ಇಲ್ಲ. ಅದು ಸಂದೇಶ ಕಳಿಸುತ್ತದೆ ಅಷ್ಟೇ.

ಸೊಲೆನಾಯ್ಡ್ ವಾಲ್ವ್ ಮುಚ್ಚಿಕೊಳ್ಳುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪ್ರಕರಣದ ಬೀಗದ ಕೈ ಅಲ್ಲಿದೆ. ಅದರೊಳಗೆ ಒಂದು ರಬ್ಬರ್ ಡಯಾಫ್ರಾಮ್, ಎಂದರೆ ಬಾಗುವ ತೆಳು ಬಿಲ್ಲೆ, ಇದೆ. ಅದರ ಅಂಚಿನ ಬಳಿ ಸೂಜಿಮೊನೆಯಷ್ಟು ಚಿಕ್ಕ ರಂಧ್ರವಿದ್ದು, ಒಳಬಂದ ನೀರು ಆ ರಂಧ್ರದ ಮೂಲಕ ಡಯಾಫ್ರಾಮ್‌ನ ಮೇಲಿನ ಕೋಣೆಯನ್ನೂ ತುಂಬುತ್ತದೆ. ಆಗ ಮೇಲೂ ಕೆಳಗೂ ಒಂದೇ ಒತ್ತಡವಿದ್ದರೂ, ಮೇಲಿನಿಂದ ಒತ್ತುವ ವಿಸ್ತಾರ ಹೆಚ್ಚಾಗಿರುವುದರಿಂದ ಡಯಾಫ್ರಾಮ್ ತನ್ನ ಪೀಠದ ಮೇಲೆ ಬಿಗಿಯಾಗಿ ಕೂರುತ್ತದೆ. ಸುರುಳಿಗೆ ವಿದ್ಯುತ್ ಸಿಕ್ಕಾಗ ನಡುವಿನ ಚಿಕ್ಕ ಕಬ್ಬಿಣದ ಕಡ್ಡಿ ಮೇಲೇಳುತ್ತದೆ, ಮೇಲಿನ ಕೋಣೆಯ ನೀರು ನಡುವಿನ ತೂತಿನಿಂದ ಹೊರಗೋಡುತ್ತದೆ, ಒತ್ತಡ ಇಳಿದು ಡಯಾಫ್ರಾಮ್ ಎದ್ದು ದಾರಿ ಬಿಡುತ್ತದೆ. ವಿದ್ಯುತ್ ಹೋದಾಗ ಕಡ್ಡಿಯನ್ನು ಸ್ಪ್ರಿಂಗ್ ಕೆಳಗೆ ತಳ್ಳುತ್ತದೆ, ಕೋಣೆ ಮತ್ತೆ ತುಂಬುತ್ತದೆ, ದಾರಿ ಮುಚ್ಚುತ್ತದೆ. ಎಂದರೆ ಈ ವಾಲ್ವ್‌ಗೆ ತೆರೆಯಲು ವಿದ್ಯುತ್ ಬೇಕು, ಮುಚ್ಚಲು ಬೇಕಿಲ್ಲ; ಮುಚ್ಚಿಡುವುದು ನೀರಿನದೇ ಒತ್ತಡ.

ಬಿಚ್ಚುವ ಮೊದಲು ಮಾಡಿದ ಪರೀಕ್ಷೆಗಳು

ಮೊದಲು ಅಳತೆ. ತೋಳಿನ ನಲ್ಲಿಯನ್ನು ತೆರೆದಿಟ್ಟು, ಶವರ್ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು, ತಟ್ಟೆಯನ್ನು ಒರೆಸಿ, ಅದರ ಕೆಳಗೆ ಪಾತ್ರೆಯಿಟ್ಟೆ. ಅರ್ಧ ಗಂಟೆ ಬಿಟ್ಟದ್ದು ಉಳಿಕೆ ನೀರು ಲೆಕ್ಕಕ್ಕೆ ಸೇರಬಾರದೆಂದು. ಎಂಟು ಗಂಟೆಗಳ ನಂತರ ಪಾತ್ರೆಯಲ್ಲಿ 740 ಮಿಲಿಲೀಟರ್ ನೀರಿತ್ತು. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ಎರಡು ಸೆಕೆಂಡಿಗೆ ಒಂದು ಹನಿಯ ಆಸುಪಾಸಿನ ಸೋರಿಕೆ ಇದು. ದಿನಕ್ಕೆ ಎರಡು ಲೀಟರ್ ದಾಟುತ್ತದೆ. ಈ ಅಂಕಿಯನ್ನು ಬರೆದಿಟ್ಟುಕೊಂಡದ್ದು ರಿಪೇರಿಯ ನಂತರ ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ‘ಕಡಿಮೆಯಾದ ಹಾಗಿದೆ’ ಎಂಬ ಮಾತಿಗೆ ಸೋರಿಕೆಯ ವಿಷಯದಲ್ಲಿ ಬೆಲೆಯಿಲ್ಲ.

ಎರಡನೆಯದು ವಿದ್ಯುತ್ತಿನ ಪರೀಕ್ಷೆ. ಶವರ್‌ನ ಎಂಸಿಬಿಯನ್ನು (ವಿದ್ಯುತ್ ಕಡಿಯುವ ಸ್ವಿಚ್ಚನ್ನು) ಕೆಳಗಿಳಿಸಿ ಒಂದು ಗಂಟೆ ಕಾದೆ. ಹನಿಯ ವೇಗ ಒಂದಿಷ್ಟೂ ಬದಲಾಗಲಿಲ್ಲ. ಈ ಒಂದು ಪರೀಕ್ಷೆಗೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ, ಆದರೂ ಅದು ಅರ್ಧ ರೋಗನಿರ್ಣಯವನ್ನು ಮಾಡಿಕೊಡುತ್ತದೆ. ವಿದ್ಯುತ್ ತೆಗೆದೊಡನೆ ಹನಿ ನಿಂತಿದ್ದರೆ, ಸರ್ಕ್ಯೂಟ್ ಬೋರ್ಡ್ ನಿಲ್ಲಿಸುವ ಆಜ್ಞೆ ಬಂದ ಮೇಲೂ ಸುರುಳಿಗೆ ವಿದ್ಯುತ್ ಕೊಡುತ್ತಿದೆ ಎಂದು ಅರ್ಥವಾಗುತ್ತಿತ್ತು. ನಿಲ್ಲದೆ ಇದ್ದುದರಿಂದ ಬೋರ್ಡ್, ಪ್ಯಾನೆಲ್, ವೈರುಗಳು ಎಲ್ಲವೂ ಈ ತೊಟ್ಟಿಕ್ಕುವಿಕೆಯ ಮಟ್ಟಿಗೆ ನಿರ್ದೋಷಿಗಳಾದವು. ‘ಡಿಜಿಟಲ್’ ಎಂಬ ಹೆಸರಿನ ಕಾರಣಕ್ಕೆ ಎಲೆಕ್ಟ್ರಾನಿಕ್ ಭಾಗವನ್ನೇ ಮೊದಲು ಅನುಮಾನಿಸಿ ಬೋರ್ಡ್ ಬದಲಿಸುವುದು ಅಪರೂಪವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅದು.

ಮೂರನೆಯದು ಯಾವ ಬದಿ ಎಂಬ ಪ್ರಶ್ನೆ. ಬೀಳುವ ಹನಿ ತಣ್ಣಗಿದೆ, ಆದ್ದರಿಂದ ತಣ್ಣೀರಿನ ವಾಲ್ವ್ ಸೋರುತ್ತಿದೆ ಎಂದು ಹೇಳುವಂತಿಲ್ಲ. ಇಷ್ಟು ನಿಧಾನವಾಗಿ ಬರುವ ಬಿಸಿನೀರು ಕೊಳವೆಯಲ್ಲೇ ಆರಿಹೋಗಿ, ತಟ್ಟೆ ತಲುಪುವ ಹೊತ್ತಿಗೆ ಕೋಣೆಯ ತಾಪಮಾನಕ್ಕೆ ಇಳಿದಿರುತ್ತದೆ. ಆದ್ದರಿಂದ ಪೆಟ್ಟಿಗೆಗೆ ಬರುವ ಎರಡು ಕೊಳವೆಗಳ ಸ್ಟಾಪ್ ಕಾಕ್‌ಗಳನ್ನು ಒಂದೊಂದಾಗಿ ಮುಚ್ಚಿ ನೋಡಿದೆ. ಬಿಸಿನೀರಿನದನ್ನು ಮುಚ್ಚಿ ಇಪ್ಪತ್ತು ನಿಮಿಷ ಕಾದರೂ ಹನಿ ಮುಂದುವರಿಯಿತು. ಅದನ್ನು ತೆರೆದು ತಣ್ಣೀರಿನದನ್ನು ಮುಚ್ಚಿದಾಗ ನಾಲ್ಕು ನಿಮಿಷಗಳಲ್ಲಿ ಹನಿ ವಿರಳವಾಗಿ, ಹತ್ತನೆಯ ನಿಮಿಷಕ್ಕೆ ಪೂರ್ತಿ ನಿಂತಿತು. ತಣ್ಣೀರಿನ ಸೊಲೆನಾಯ್ಡ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಎಂಬುದು ಇಲ್ಲಿಗೆ ಖಚಿತವಾಯಿತು. ಎರಡೂ ಬದಿಯವು ಸೋರುತ್ತಿದ್ದರೆ ಒಂದನ್ನು ಮುಚ್ಚಿದಾಗ ವೇಗ ತಗ್ಗುತ್ತದೆಯೇ ಹೊರತು ಹನಿ ನಿಲ್ಲುವುದಿಲ್ಲ. ಅದಕ್ಕಾಗಿಯೇ ಅವಸರಪಡದೆ ಕಾಯಬೇಕು.

ಸೀಲಿಂಗ್‌ನ ಕಲೆಯ ಬೆನ್ನುಹತ್ತಿ

ತಟ್ಟೆಯ ಹನಿಗೆ ಕಾರಣ ಸಿಕ್ಕಿತು, ಆದರೆ ಸೀಲಿಂಗ್ ನೆನೆಯುವುದಕ್ಕೆ ಅದು ವಿವರಣೆಯಾಗಲಿಲ್ಲ. ವಾಲ್ವ್ ದಾಟಿದ ನೀರು ಕೊಳವೆಯೊಳಗೇ ಹರಿದು ತಟ್ಟೆಯಿಂದ ಬೀಳಬೇಕು, ಹೊರಗೆ ಬರುವ ಮಾತೇ ಇಲ್ಲ.

ಪೆಟ್ಟಿಗೆಯನ್ನೂ ಕೊಳವೆಗಳನ್ನೂ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಪ್ರತಿಯೊಂದು ಜೋಡಣೆಗೂ ಟಿಶ್ಯೂ ಕಾಗದದ ಪಟ್ಟಿಯನ್ನು ಸುತ್ತಿದೆ. ಮೊದಲ ರಾತ್ರಿ ಕಳೆದು ನೋಡಿದಾಗ ತಣ್ಣೀರಿನ ಒಳದಾರಿಯ ಪಟ್ಟಿ ತೇವವಾಗಿತ್ತು, ಸಿಕ್ಕಿಬಿತ್ತು ಎಂದುಕೊಂಡೆ. ಆದರೆ ಆ ತೇವ ಒಂದು ಬದಿಯಿಂದ ಹರಡಿದ್ದಾಗಿರಲಿಲ್ಲ. ಪಟ್ಟಿಯುದ್ದಕ್ಕೂ ಒಂದೇ ಸಮನಾಗಿತ್ತು. ಜೋಡಣೆಯಿಂದ ಒಂದು ಗೇಣು ದೂರದಲ್ಲಿ ಬರೀ ಕೊಳವೆಗೆ ಸುತ್ತಿ ನೋಡಿದ ಇನ್ನೊಂದು ಪಟ್ಟಿಯೂ ಹಾಗೆಯೇ ತೇವವಾಯಿತು. ಅದು ಸೋರಿಕೆಯಲ್ಲ, ಬೆಚ್ಚಗಿನ ಹಬೆಗಾಳಿ ತಣ್ಣನೆಯ ಕೊಳವೆಗೆ ತಾಗಿ ಬೆವರಿದ್ದು. ಸೋರುವ ಜಾಗದಲ್ಲಿ ಕಾಗದ ಒಂದು ಬಿಂದುವಿನಿಂದ ನೆನೆಯುತ್ತಾ ಹೋಗುತ್ತದೆ, ಬೆವರಿದ ಕಡೆ ಎಲ್ಲೆಡೆ ಏಕರೂಪವಾಗಿ ಮೆತ್ತಗಾಗುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಹೋಗಿದ್ದರೆ ಸರಿಯಿದ್ದ ಜೋಡಣೆಯನ್ನು ಬಿಚ್ಚಿ ಕೆಡಿಸುತ್ತಿದ್ದೆ.

ಉಳಿದ ಪಟ್ಟಿಗಳೆಲ್ಲ ಒಣಗಿದ್ದವು. ಶವರ್ ಅನ್ನು ಹತ್ತು ನಿಮಿಷ ಓಡಿಸಿದಾಗಲೂ ಒಣಗಿಯೇ ಇದ್ದವು. ಇದು ನನ್ನನ್ನು ಎರಡು ದಿನ ಕಾಡಿತು. ಒಳಬರುವ ಬದಿಯಲ್ಲಿ ಸದಾ ಒತ್ತಡವಿರುವುದರಿಂದ ಅಲ್ಲಿ ಸೋರಿಕೆಯಿದ್ದರೆ ಹಗಲೂ ರಾತ್ರಿಯೂ ಕಾಣಬೇಕು. ಹೊರಹೋಗುವ ಬದಿಯಲ್ಲಿ ಶವರ್ ಓಡುವಾಗ ಮಾತ್ರ ಒತ್ತಡವಿರುವುದರಿಂದ ಅಲ್ಲಿ ಸೋರಿಕೆಯಿದ್ದರೆ ಸ್ನಾನದ ಹೊತ್ತಿನಲ್ಲಿ ಕಾಣಬೇಕು. ಎರಡೂ ಅಲ್ಲವೆಂದಾದರೆ ಹಲಗೆಯನ್ನು ನೆನೆಸುತ್ತಿರುವ ನೀರು ಬರುತ್ತಿರುವುದು ಯಾವಾಗ?

ಅಳತೆಗೆಂದು ತೆರೆದಿಟ್ಟಿದ್ದ ತೋಳಿನ ನಲ್ಲಿ ಅಂದಿನಿಂದ ತೆರೆದೇ ಇದೆ ಎಂಬುದು ಮೂರನೆಯ ಸಂಜೆ ಹೊಳೆಯಿತು. ಪರೀಕ್ಷೆ ನಡೆದ ರಾತ್ರಿಗಳಲ್ಲಿ ನಾನು ಮನೆಯ ನಿತ್ಯದ ರೂಢಿಯನ್ನೇ ಬದಲಿಸಿಬಿಟ್ಟಿದ್ದೆ. ಆ ರಾತ್ರಿ ನಲ್ಲಿಯನ್ನು ಎಂದಿನಂತೆ ಮುಚ್ಚಿ ಮಲಗಿದೆವು. ಬೆಳಗ್ಗೆ ಹೊರದಾರಿಯ ಮೊಣಕೈಗೆ ಸುತ್ತಿದ್ದ ಪಟ್ಟಿ ಒದ್ದೆಮುದ್ದೆಯಾಗಿ ಜೋತುಬಿದ್ದಿತ್ತು, ಅದರ ತುದಿಯಿಂದ ಹಲಗೆಯ ಮೇಲೆ ಒಂದೊಂದೇ ಹನಿ ಇಳಿಯುತ್ತಿತ್ತು.

ಕಾರಣ ಇಷ್ಟು. ಶವರ್ ಓಡುವಾಗ ತಟ್ಟೆಯ ರಂಧ್ರಗಳು ತೆರೆದಿರುವುದರಿಂದ ಹೊರದಾರಿಯ ಮೇಲೆ ಬೀಳುವ ಒತ್ತಡ ಅಲ್ಪ. ತೋಳಿನ ನಲ್ಲಿ ಮುಚ್ಚಿದಾಗ, ಸೋರುವ ಸೊಲೆನಾಯ್ಡ್ ವಾಲ್ವ್ ಮೂಲಕ ಬಂದ ನೀರಿಗೆ ಹೋಗಲು ದಾರಿಯಿಲ್ಲದೆ, ಕೆಲವೇ ನಿಮಿಷಗಳಲ್ಲಿ ಇಡೀ ಪೆಟ್ಟಿಗೆಯೂ ಹೊರಕೊಳವೆಯೂ ಮನೆಯ ಪೂರ್ಣ ಒತ್ತಡಕ್ಕೆ ಏರುತ್ತಿದ್ದವು. ನಮ್ಮ ಒತ್ತಡದ ಪಂಪ್ ಹಿಡಿದಿಡುವುದು 2 ಬಾರ್, ಎಂದರೆ 20 ಮೀಟರ್ ಎತ್ತರದ ನೀರಿನ ಕಂಬದಷ್ಟು. ತೆರೆದ ಹರಿವಿಗಾಗಿ ಮಾಡಿದ ಆ ಮೊಣಕೈಯ ಓ-ರಿಂಗ್ (ಜೋಡಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ) ರಾತ್ರಿಯಿಡೀ ಇದನ್ನು ಹೊರುತ್ತಿತ್ತು. ಹೊರಹರಿವಿನ ಕೊಳವೆಯಲ್ಲಿ ಬಂದ್ ಮಾಡುವ ನಲ್ಲಿಯನ್ನು ಹಾಕಬಾರದು ಎಂದು ಶವರ್‌ನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಓದಿದ್ದು ಈ ಘಟನೆಯ ನಂತರ. ಇದಲ್ಲದೆ ಇನ್ನೂ ಒಂದು ಅಪಾಯವಿತ್ತು. ಬಿಸಿನೀರಿನ ಬದಿಯ ಏಕಮುಖ ವಾಲ್ವ್ ದುರ್ಬಲವಾಗಿದ್ದಿದ್ದರೆ, ಮುಚ್ಚಿದ ಪೆಟ್ಟಿಗೆಯಿಂದ ತಣ್ಣೀರು ಬಿಸಿನೀರಿನ ಕೊಳವೆಗೂ ನುಗ್ಗಬಹುದಾಗಿತ್ತು.

ಬಿಚ್ಚಿದಾಗ ಕಂಡದ್ದು

ಈ ಕೆಲಸದಲ್ಲಿ ಕ್ರಮ ತಪ್ಪಿದರೆ ಮುಖಕ್ಕೆ ನೀರು ಚಿಮ್ಮುತ್ತದೆ. ವಿದ್ಯುತ್ ಇಲ್ಲದಿದ್ದರೆ ಸೊಲೆನಾಯ್ಡ್ ವಾಲ್ವ್‌ಗಳು ತೆರೆಯುವುದಿಲ್ಲ, ಆದ್ದರಿಂದ ಮೊದಲೇ ಎಂಸಿಬಿ ಇಳಿಸಿದರೆ ಒಳಗಿನ ಒತ್ತಡ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗೀಸರ್ ಆರಿಸಿ ನೀರು ತಣಿಯಲು ಬಿಟ್ಟು, ಎರಡೂ ಸ್ಟಾಪ್ ಕಾಕ್ ಮುಚ್ಚಿ, ಶವರ್ ಅನ್ನು ಒಮ್ಮೆ ಚಾಲೂ ಮಾಡಿ ಉಳಿದ ಒತ್ತಡವನ್ನು ಹೊರಬಿಟ್ಟು, ಅನಂತರ ಎಂಸಿಬಿ ಇಳಿಸಿದೆ. ಟೆಸ್ಟರ್‌ನಿಂದ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿದೆ. ನೀರು ಮತ್ತು ವಿದ್ಯುತ್ ಒಂದೇ ಪೆಟ್ಟಿಗೆಯಲ್ಲಿರುವ ಇಂಥ ಸಾಧನಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ರಕ್ಷಣೆ ಇರಲೇಬೇಕು; ಇಲ್ಲದ ಮನೆಯಲ್ಲಿ ಮೊದಲು ಅದನ್ನು ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ, ಆಮೇಲೆ ಮಿಕ್ಕದ್ದನ್ನು ಯೋಚಿಸಬೇಕು.

ತಣ್ಣೀರಿನ ಫಿಲ್ಟರ್ ಹೊರತೆಗೆದಾಗ ಜಾಲರಿಯ ಒಂದು ಅಂಚು ಹರಿದಿತ್ತು, ಅದರ ಬುಡದಲ್ಲಿ ಸಣ್ಣ ಮರಳಿನ ಕಣಗಳಿದ್ದವು. ತೊಟ್ಟಿಕ್ಕಲು ಶುರುವಾಗುವ ಸ್ವಲ್ಪ ದಿನ ಮೊದಲು ನೀರಿನ ಟ್ಯಾಂಕ್ ತೊಳೆದದ್ದು ನೆನಪಾಯಿತು. ತಳದ ಕೆಸರು ಕದಡಿ ಕೊಳವೆಗೆ ಇಳಿದು, ಹರಿದ ಜಾಲರಿಯಿಂದ ನುಸುಳಿದೆ. ಸೊಲೆನಾಯ್ಡ್‌ನ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ಸ್ಪ್ರಿಂಗ್ ಎಲ್ಲೂ ಹಾರದಂತೆ ಬೆರಳು ಅಡ್ಡವಿಟ್ಟು ಸುರುಳಿಯನ್ನು ಎತ್ತಿದೆ. ಡಯಾಫ್ರಾಮ್ ತನ್ನ ಪೀಠವನ್ನು ತಾಗುವ ವೃತ್ತದ ಮೇಲೆ, ಸುಣ್ಣದ ಪದರದ ಎಳ್ಳಿನಷ್ಟು ಚಕ್ಕೆಯೊಂದು ರಬ್ಬರಿನೊಳಗೆ ಹೂತುಕೊಂಡಿತ್ತು. ಉಗುರಿನಿಂದ ಎಬ್ಬಿಸಿದರೆ ಚಕ್ಕೆ ಬಂತು, ಅದರ ಗುಳಿ ಉಳಿಯಿತು. ಅಂಚಿನ ಸೂಜಿರಂಧ್ರವೂ ಅರ್ಧ ಮುಚ್ಚಿತ್ತು. ಗುಂಡಿ ಒತ್ತಿದ ಮೇಲೆ ನೀರು ನಿಲ್ಲಲು ಇತ್ತೀಚೆಗೆ ಐದಾರು ಸೆಕೆಂಡು ಹಿಡಿಯುತ್ತಿದ್ದುದು ಇದೇ ಕಾರಣಕ್ಕೆ: ಮೇಲಿನ ಕೋಣೆ ನಿಧಾನವಾಗಿ ತುಂಬುತ್ತಿತ್ತು. ಆ ವಿಳಂಬ ಮೊದಲ ಮುನ್ಸೂಚನೆಯಾಗಿತ್ತು, ನಾವು ಅದನ್ನು ಯಂತ್ರದ ಸ್ವಭಾವ ಎಂದುಕೊಂಡಿದ್ದೆವು.

ಗುಳಿ ಬಿದ್ದ ಡಯಾಫ್ರಾಮ್ ಅನ್ನು ತೊಳೆದು ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ, ಅದೇ ಮಾದರಿಯ ಹೊಸದನ್ನು ತರಿಸಿದೆ. ಪ್ಲಾಸ್ಟಿಕ್ ಪೀಠವನ್ನು ಟಾರ್ಚ್ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ. ಅಲ್ಲಿ ಗೀರು ಇದ್ದಿದ್ದರೆ ಹೊಸ ರಬ್ಬರ್ ಕೂಡ ಸೋರುತ್ತಿತ್ತು, ವಾಲ್ವ್ ಅನ್ನೇ ಬದಲಿಸಬೇಕಾಗುತ್ತಿತ್ತು. ಅದೃಷ್ಟಕ್ಕೆ ಪೀಠ ನುಣುಪಾಗಿತ್ತು. ಅದರ ಮೇಲಿನ ತೆಳು ಸುಣ್ಣವನ್ನು ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ತೊಳೆದೆ. ಲೋಹದ ಮೊನೆಯಿಂದ ಕೆರೆಯುವುದು ಇಲ್ಲಿ ಸಲ್ಲದು.

ಮೊಣಕೈಯ ಓ-ರಿಂಗ್ ದುಂಡಗಿನ ಆಕಾರ ಕಳೆದುಕೊಂಡು ಒಂದು ಬದಿ ಚಪ್ಪಟೆಯಾಗಿತ್ತು. ಹೊಸದನ್ನು ಆರಿಸುವಾಗ ಒಳವ್ಯಾಸದ ಜೊತೆಗೆ ರಬ್ಬರಿನ ದಪ್ಪವನ್ನೂ ಅಳೆಯಬೇಕು. ಬಿಸಿನೀರಿಗೆ ಇಪಿಡಿಎಂ ಎಂಬ ಕೃತಕ ರಬ್ಬರ್ ಸೂಕ್ತ. ಅದಕ್ಕೆ ಸವರಬೇಕಾದದ್ದು ಸಿಲಿಕೋನ್ ಗ್ರೀಸ್. ಪೆಟ್ರೋಲಿಯಂ ಜೆಲ್ಲಿ ಸವರಿದರೆ ಇಪಿಡಿಎಂ ಉಬ್ಬಿ ಬೇಗ ಹಾಳಾಗುತ್ತದೆ. ಓ-ರಿಂಗ್ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತುವುದೂ ತಪ್ಪು, ಏಕೆಂದರೆ ಟೇಪ್ ಇರುವುದು ತಿರುಪಿನ ಎಳೆಗಳುಳ್ಳ ಜೋಡಣೆಗಳಿಗೆ.

ಮರುಜೋಡಣೆ ಮತ್ತು ಪರೀಕ್ಷೆ

ಹೊಸ ಭಾಗಗಳನ್ನು ಕೂರಿಸುವ ಮೊದಲು ತಣ್ಣೀರಿನ ಕೊಳವೆಯ ಬಾಯಿಗೆ ಬಕೆಟ್ ಹಿಡಿದು, ಸ್ಟಾಪ್ ಕಾಕ್ ತೆರೆದು ಉಳಿದ ಮರಳನ್ನು ಹೊರಬಿಟ್ಟೆ. ಎರಡನೆಯ ಬಕೆಟ್‌ನಲ್ಲೂ ಕಣಗಳು ಕಂಡವು, ಮೂರನೆಯದು ತಿಳಿಯಾಗಿತ್ತು. ಈ ಹೆಜ್ಜೆಯನ್ನು ಬಿಟ್ಟಿದ್ದರೆ ಹೊಸ ಡಯಾಫ್ರಾಮ್‌ಗೂ ಮೊದಲ ದಿನವೇ ಅದೇ ಗತಿಯಾಗುತ್ತಿತ್ತು. ಸೊಲೆನಾಯ್ಡ್‌ನ ಸ್ಕ್ರೂಗಳನ್ನು ಒಂದೇ ಬದಿಯಿಂದ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಹೊಸ ಫಿಲ್ಟರ್ ಹಾಕಿದೆ. ತೋಳಿನ ನಲ್ಲಿಯನ್ನು ತೆಗೆದುಹಾಕಿದೆ.

ನೀರನ್ನು ಹಂತ ಹಂತವಾಗಿ ಬಿಟ್ಟೆ: ಮೊದಲು ತಣ್ಣೀರು ಅರ್ಧ, ಹತ್ತು ನಿಮಿಷ ಕಣ್ಗಾವಲು, ಆಮೇಲೆ ಪೂರ್ತಿ, ಕೊನೆಗೆ ಬಿಸಿನೀರು. ವೈರಿನ ಒಂದು ಕನೆಕ್ಟರ್‌ನಲ್ಲಿ ತೇವದಿಂದ ಹಸಿರು ಕಿಲುಬು ಕಟ್ಟಿತ್ತು, ಅದನ್ನು ಶುಚಿಗೊಳಿಸಿ ಒಣಗಿದ್ದನ್ನು ಖಚಿತಪಡಿಸಿಕೊಂಡ ನಂತರವೇ ವಿದ್ಯುತ್ ಕೊಟ್ಟೆ.

ಸೋರಿಕೆ ನಿಂತರೆ ಕೆಲಸ ಮುಗಿಯಿತೆಂದು ಎದ್ದು ಹೋಗುವಂತಿಲ್ಲ. ಬಿಸಿನೀರನ್ನು ಬೆರೆಸುವ ಪೆಟ್ಟಿಗೆಯನ್ನು ಬಿಚ್ಚಿದ ಮೇಲೆ ತಾಪಮಾನ ಪರೀಕ್ಷಿಸದೆ ಯಾರನ್ನೂ, ಅದರಲ್ಲೂ ಮಕ್ಕಳನ್ನು ಮತ್ತು ಹಿರಿಯರನ್ನು, ಆ ಶವರ್ ಕೆಳಗೆ ನಿಲ್ಲಿಸಬಾರದು; 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಪ್ಯಾನೆಲ್‌ನಲ್ಲಿ 38 ಡಿಗ್ರಿ ಇಟ್ಟು ಥರ್ಮಾಮೀಟರ್ ಹಿಡಿದಾಗ 38ರ ಆಸುಪಾಸಿನಲ್ಲೇ ನಿಂತಿತು. ಅನಂತರ, ಶವರ್ ಓಡುತ್ತಿರುವಾಗ ಅದರ ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು ತಣ್ಣೀರಿನ ಸ್ಟಾಪ್ ಕಾಕ್ ಮುಚ್ಚಿದೆ. ತಣ್ಣೀರು ನಿಂತುಹೋದಾಗ ಪೆಟ್ಟಿಗೆ ಬಿಸಿನೀರನ್ನೂ ತಾನಾಗಿ ಕಡಿಯಬೇಕು. ಮೂರೇ ಸೆಕೆಂಡುಗಳಲ್ಲಿ ಅದು ಹರಿವನ್ನು ನಿಲ್ಲಿಸಿತು. ಹೀಗೆ ನಿಲ್ಲಿಸದ ಪೆಟ್ಟಿಗೆಯನ್ನು, ಒಂದು ಹನಿಯೂ ಸೋರದಿದ್ದರೂ, ಬಳಕೆಗೆ ಬಿಡದೆ ತಜ್ಞರಿಗೆ ಒಪ್ಪಿಸಬೇಕು.

ಗುಂಡಿ ಒತ್ತಿದೊಡನೆ ನೀರು ಈಗ ಒಂದು ಸೆಕೆಂಡಿನೊಳಗೆ ನಿಲ್ಲುತ್ತದೆ. ಮೊದಲ ರಾತ್ರಿ ಅದೇ ಅರ್ಧ ಗಂಟೆಯ ಕ್ರಮದಲ್ಲಿ ಇಟ್ಟ ಪಾತ್ರೆಯಲ್ಲಿ ಬೆಳಗ್ಗೆ ತಳ ಒದ್ದೆಯಾಗುವಷ್ಟೂ ನೀರಿರಲಿಲ್ಲ. ಸೀಲಿಂಗ್‌ನ ಹಲಗೆ ಒಣಗಲು ಎರಡು ವಾರ ಹಿಡಿಯಿತು; ಮೆತ್ತಗಾಗಿದ್ದ ಭಾಗವನ್ನು ಕತ್ತರಿಸಿ ಹೊಸ ತುಂಡು ಸೇರಿಸಿದೆವು. ಹೊರದಾರಿಯ ಮೊಣಕೈಗೆ ಸುತ್ತಿದ ಟಿಶ್ಯೂ ಪಟ್ಟಿಯನ್ನು ಮಾತ್ರ ಬೇಕೆಂದೇ ಹಾಗೆಯೇ ಬಿಟ್ಟಿದ್ದೇನೆ. ತಿಂಗಳ ನಂತರ ಮುಚ್ಚಳ ತೆಗೆದು ನೋಡಿದಾಗ ಅದು ಸುತ್ತಿದ ದಿನದಂತೆಯೇ ಗರಿಗರಿಯಾಗಿತ್ತು. ತಣ್ಣೀರಿನ ಫಿಲ್ಟರ್‌ನಲ್ಲಿ ನಾಲ್ಕು ಕಣ ಮರಳು ಸಿಕ್ಕಿತು, ಜಾಲರಿ ಹರಿದಿರಲಿಲ್ಲ.